ಸೈಕಲ್ ಒರೆಸಿದ ಅರಿಬಿ

ಮದುವೆಯಾಗಿ ಇಪ್ಪತ್ತೆರಡು ವರ್ಷದ ಮೇಲೆ ನನಗೆ ತಿಳಿದ ಒಂದು ಸತ್ಯವನ್ನು, ಇನ್ನೂ ತಿಳಿಯದ ಗಂಡಸರ ಉಪಯೋಗಕ್ಕಾಗಿ, ಮೊದಲೇ ಹೇಳಿಬಿಡುತ್ತೇನೆ. ಸಂಸಾರಸ್ಥರ ಮನೆಯಲ್ಲಿ ‘ಹಳೇ ಅರಿಬಿ’ ಎಂಬ ವಸ್ತುವೇ ಇರುವುದಿಲ್ಲ. ಇದ್ದಂತೆ ಕಾಣುತ್ತದೆ, ಅಷ್ಟೆ. ಗಂಡಸಿನ ಕಣ್ಣಿಗೆ ಹರಿದ ಚಿಂದಿಯಾಗಿ ಕಂಡದ್ದು ಹೆಂಗಸಿನ ಕಣ್ಣಿಗೆ ಯಾವುದೋ ಒಂದು ಪದವಿಯಲ್ಲಿ ಇರುತ್ತದೆ. ಸೀರೆ ಸವೆದರೆ ಮಗಳ ಪರಕಾರ, ಪರಕಾರ ಸವೆದರೆ ದಿಂಬಿನ ಗಲೀಫು, ಗಲೀಫು ಸವೆದರೆ ರೊಟ್ಟಿ ಕಟ್ಟುವ ವಸ್ತ್ರ, ಹೀಗೆ ಬಡ್ತಿಯ ಮೇಲೆ ಬಡ್ತಿ. (ಹದಿನೆಂಟು ವರ್ಷದಿಂದ ಅದೇ ಸಾಲೆಯಲ್ಲಿ ಅದೇ ಮೂರನೇ ಇಯತ್ತೆಗೆ ಅದೇ ಮಗ್ಗಿ ಹೇಳಿಕೊಡುತ್ತಿರುವ ನನಗೆ ಇಂಥ ಯೋಗ ಬಂದಿಲ್ಲ.) ಈ ಸತ್ಯ ನನಗೆ ಒಂದೇ ಒಂದು ಶನಿವಾರ ಮೊದಲು ತಿಳಿದಿದ್ದರೆ ಇವತ್ತು ಈ ಕಥೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನನ್ನ ಹೆಸರು ಶಂಕರೆಪ್ಪ. ಮನೆ ಗೊಳಸಂಗಿಯಲ್ಲಿ. ಸಾಲೆ ಇರುವುದು ನಾಲ್ಕು ಮೈಲಿನಾಚೆಯ ಹಳ್ಳಿಯಲ್ಲಿ. ನಡುವೆ ಬರೀ ಕರಿ ಮಣ್ಣಿನ ಎರೆ ಹೊಲ. ಆ ನಾಲ್ಕು ಮೈಲನ್ನು ಇಷ್ಟು ವರ್ಷ ನನ್ನನ್ನು ಕೂಡಿಸಿಕೊಂಡು ದಾಟಿಸಿದ್ದು ನನ್ನ ಸೈಕಲ್ಲು. ಅದನ್ನು ನನ್ನದು ಎನ್ನುತ್ತೇನೆ, ಆದರೆ ಕೊಟ್ಟವರು ನಮ್ಮ ಅತ್ತೆಯವರು, ಲಕ್ಕವ್ವ. ಮದುವೆಯಲ್ಲಿ ಉಳಿದ ಅಳಿಯಂದಿರು ಉಂಗುರ ಕೇಳಿದಾಗ ನಾನು ಸೈಕಲ್ ಕೇಳಿದೆ. ಗಂಡ ಇಲ್ಲದೆ ಒಬ್ಬರೇ ಒಕ್ಕಲುತನ ನಡೆಸುತ್ತಿದ್ದ ಆ ತಾಯಿ ಬಿಜಾಪುರಕ್ಕೆ ಚಕ್ಕಡಿ ಕಳಿಸಿ, ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ ತರಿಸಿದರು. ದಾರಿಯಲ್ಲಿ ಬಿಸಿಲು ತಾಗಬಾರದೆಂದು ಮೇಲೆ ಒಂದು ಕಂಬಳಿ ಬೇರೆ ಹೊದಿಸಿದ್ದರಂತೆ. ಅಂಥ ವಾಹನವನ್ನು ನಾನು ಹ್ಯಾಗೆ ಇಟ್ಟುಕೊಂಡಿರಬೇಡ! ಇವತ್ತಿಗೂ ಅದರ ರಿಮ್ಮಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು.

ನನ್ನ ಧರ್ಮಪತ್ನಿ ಕಸ್ತೂರೆವ್ವನಿಗೆ ಈ ಭಕ್ತಿ ಅಷ್ಟಾಗಿ ಸೇರುತ್ತಿರಲಿಲ್ಲ.

“ನನ್ನ ಕಾಲಾಗ ಜಾಲಿಮುಳ್ಳ ಮುರದಾಗ ‘ಸೂಜಿ ಎಲ್ಲೈತಿ ನೋಡ್ಕೋ’ ಅಂದ್ರಿ,” ಎಂದು ಅವಳು ಬಂದವರ ಎದುರು ಹೇಳುತ್ತಿದ್ದಳು. “ಅದರ ಗಾಲ್ಯಾಗ ಮುರದಾಗ ಮುಂದಿನ ತಾಟ ಬಿಟ್ಟ ಎದ್ರಿ.”

“ನಿನ್ನ ಕಾಲಾಗಿನ ಗಾಳಿ ಹೋಗ್ತೈತೇನ ಮುಳ್ಳ ಮುರದ್ರ?” ಎಂದು ನಾನೂ ಬಿಡುತ್ತಿರಲಿಲ್ಲ.

ಸೈಕಲ್ಲಿಗೆ ನಾನು ಒದಗಿಸಿದ್ದ ಪೂಜಾಸಾಮಗ್ರಿಯಲ್ಲಿ ಮುಖ್ಯವಾದದ್ದು ಒಂದು ಹಳದಿ ಫ್ಲಾನೆಲ್ ಬಟ್ಟೆ. ಸೊಲ್ಲಾಪುರಕ್ಕೆ ಹೋದಾಗ ಹುಡುಕಿ ತಂದದ್ದು. ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗೆ. ಅದನ್ನು ನಾಲ್ಕು ಮಡಿಕೆ ಮಾಡಿ, ನಡುವೆ ನುಸಿ ಹತ್ತದಂತೆ ಒಂದು ಡಾಂಬರ ಗುಳಿಗೆ ಇಟ್ಟು, ಪಡಸಾಲೆಯ ಮೊಳೆಗೆ ತೂಗುಹಾಕಿದ್ದೆ. ದಿನದ ಒರೆಸುವಿಕೆಗೆ ಅಲ್ಲ, ಛೇ! ಅದು ಪೂರ್ತಿ ಒಣಗಿದ, ಪೂರ್ತಿ ಸ್ವಚ್ಛವಾದ ಸೈಕಲ್ಲಿಗೆ ಕೊನೆಯ ಹೊಳಪು ಕೊಡಲು. ದಿನದ ಕೆಲಸಕ್ಕೆ ಕಸ್ತೂರೆವ್ವ ವರ್ಷಕ್ಕೊಂದರಂತೆ ಹರಿದ ಬನಿಯನ್ ಮಂಜೂರು ಮಾಡುತ್ತಿದ್ದಳು. ಅದಕ್ಕಿಂತ ಹೆಚ್ಚು ಚಿಂದಿ ಕೇಳಿದರೆ ಕೊಡುತ್ತಿರಲಿಲ್ಲ.

ಇನ್ನು ಸೀರೆಯ ಮಾತು ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು.

ಅತ್ತೆಯವರು ಕೊನೆಯ ಮೂರು ತಿಂಗಳು ನಮ್ಮ ಮನೆಯಲ್ಲೇ ಇದ್ದು ತೀರಿಕೊಂಡರು. ಹಾಸಿಗೆ ಹಿಡಿದಾಗ ಒಂದು ದಿನ ಮಗಳನ್ನು ಕರೆದು ಹೇಳಿದರು: “ಕಸ್ತೂರಿ, ನಮ್ಮ ಇಂದೂನ ಮಡಿಲಾಗ ಕೂಸ ಆಡೂದ ನೋಡಾಕ ನಾ ಇರೂದಿಲ್ಲ. ನನ್ನ ಇಳಕಲ್ ಸೀರಿ ಸೆರಗ ತಗದಿಡು. ಕೂಸಿನ ಕೌದಿಗೆ ಹಚ್ಚಸು. ತಲಿ ಅದರ ಮ್ಯಾಲ ಇರಲಿ ಅದರದು.” ಇಂದೂ ಎಂದರೆ ನಮ್ಮ ಒಬ್ಬಳೇ ಮಗಳು ಇಂದುಬಾಯಿ. ಹೊರ್ತಿ ಎಂಬ ಊರಿಗೆ ಕೊಟ್ಟಿದ್ದೇವೆ. ಈ ಮಾತು ನನ್ನ ಎದುರಿಗೇ ನಡೆಯಿತು. ತಾಯಿ ಮಗಳಿಬ್ಬರೂ ಅತ್ತರು. ನಾನೂ ಕಣ್ಣು ಒರೆಸಿಕೊಂಡೆ. (ಯಾವ ಅರಿಬಿಯಿಂದ ಒರೆಸಿಕೊಂಡೆನೋ, ಆಗಲೇ ನೋಡಿ ಇಟ್ಟುಕೊಳ್ಳಬೇಕಾಗಿತ್ತು.)

ಈ ವರ್ಷ, ಎಪ್ಪತ್ತೈದನೆಯ ಇಸವಿಯ ಶ್ರಾವಣದಲ್ಲಿ ಇಂದೂಗೆ ಏಳು ತಿಂಗಳು ತುಂಬಿತು. ಚೊಚ್ಚಲ ಹೆರಿಗೆ ತವರಿನಲ್ಲಿ. ಮಗಳನ್ನು ಕರೆದುಕೊಂಡು ಬರಲು ಕಸ್ತೂರೆವ್ವ ಶುಕ್ರವಾರ ಮುಂಜಾನೆಯ ಬಸ್ಸಿಗೆ ಹೊರಟಳು. ಆದಿತ್ಯವಾರ ಸಂಜೆ ಇಬ್ಬರೂ ಬರುವುದು, ಸೋಮವಾರ, ಅರಿಬಿ ತುಂಡು ಜೋಡಿಸಿ ಕೌದಿ ಹೊಲಿಯುವ ಹುಲಿಗೆವ್ವ ಬಂದು ಕೂಸಿನ ಕೌದಿ ಹಿಡಿಯುವುದು ಎಂದು ನಿಶ್ಚಯವಾಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಅವಳು ಏನೋ ಹೇಳಿದಳು. ನಾನು ಅಂಗಳದಲ್ಲಿ ಹಿಂದಿನ ಗಾಲಿಗೆ ಗಾಳಿ ಹೊಡೆಯುತ್ತಿದ್ದೆ. ಮೂವತ್ತು ಸಲ ಹೊಡೆಯಬೇಕು, ಹದಿನೇಳರಲ್ಲಿದ್ದೆ.

“ಗ್ವಾಡೀ ಮಾಡದಾಗ ಒಂದ ಗಂಟ ಇಟ್ಟೇನಿ. ಹುಲಿಗೆವ್ವ ಬರೂತನಾ ಅದನ್ನ ಬಿಚ್ಚಬ್ಯಾಡ್ರಿ. ಕೇಳ್ತೇನ್ರಿ?”

“ಹೂಂ. ಹದಿನೆಂಟು.”

“ಏನ್ ಅಂದೆ, ಹೇಳ್ರಿ ನೋಡೂನು.”

“ಹುಲಿಗೆವ್ವ ಮಾಡದಾಗ ಅದಾಳ. ಹತ್ತೊಂಬತ್ತು.”

“ಸುಡ್ಲಿ ನಿಮ್ಮ ಸೈಕಲ್ಲ!” ಎಂದು ಅವಳು ಹೋದಳು. ಅಷ್ಟು ಹೇಳುವ ಬದಲು ಪಂಪು ಕಸಿದುಕೊಂಡು ನನ್ನ ಕಿವಿ ಹಿಂಡಿ ಇನ್ನೊಮ್ಮೆ ಹೇಳಿದ್ದರೆ ಎಷ್ಟು ಒಳ್ಳೆಯದಿತ್ತು! ಆದರೆ ಬಸ್ಸು ಬರುವ ಹೊತ್ತಾಗಿತ್ತು.

ಶನಿವಾರ ಮುಂಜಾನೆ ಸಾಲೆ. ಹೋಗುವಾಗ ಬಿಸಿಲು. ಮಧ್ಯಾಹ್ನ ಬಿಡುವ ಗಂಟೆಗೂ ಮಗಿ ಮಳೆಗೂ ಏನು ಒಪ್ಪಂದವಾಗಿತ್ತೋ, ಎರಡೂ ಕೂಡಿಯೇ ಬಡಿದವು. ಅರ್ಧ ತಾಸು ಸುರಿದು ನಿಂತಿತು. ನಾನು ಹೊರಟೆ.

ನಮ್ಮ ಎರೆಯ ಕೆಸರನ್ನು ನೋಡದವರಿಗೆ ಅದನ್ನು ತಿಳಿಸಿ ಹೇಳುವುದು ಕಷ್ಟ. ಬೇರೆ ಕಡೆಯ ಕೆಸರು ಮೈಗೆ ಸಿಡಿಯುತ್ತದೆ, ತೊಳೆದರೆ ಹೋಗುತ್ತದೆ. ನಮ್ಮದು ಬೀಗರ ಹಾಗೆ, ಬಂದು ಹತ್ತಿದರೆ ಏಳುವ ಮಾತಿಲ್ಲ. ಗಾಲಿ ಒಂದು ಸುತ್ತು ತಿರುಗಿದರೆ ಬೆರಳು ದಪ್ಪ ಮಣ್ಣು, ಎರಡು ಸುತ್ತಿಗೆ ಅಂಗೈ ದಪ್ಪ, ಮೂರನೆಯ ಸುತ್ತಿಗೆ ಮಣ್ಣು ಮಡ್‌ಗಾರ್ಡಿನ ಹೊಟ್ಟೆ ತುಂಬಿ ಗಾಲಿಯೇ ತಿರುಗುವುದಿಲ್ಲ. ತೊಗರಿ ಕಟಿಗೆಯಿಂದ ಕೆದಕಬೇಕು, ಹತ್ತು ಹೆಜ್ಜೆ ದಬ್ಬಬೇಕು, ಮತ್ತೆ ಕೆದಕಬೇಕು. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಳ್ಳುವುದೇ ನೆಟ್ಟಗಿನ ದಾರಿ. ನಾನು ಹಾಗೇ ಹೊತ್ತುಕೊಂಡು ಬರುವಾಗ ಬದುವಿನ ಮೇಲೆ ಗೋಣಿಚೀಲ ಹೊದ್ದು ಕೂತಿದ್ದ ಒಕ್ಕಲಿಗನೊಬ್ಬ ಕೇಳಿದ: “ಯಾಕ್ರಿ ಮಾಸ್ತರ್ರ, ಸೈಕಲ್ಲಿಗೆ ಮೈಯಾಗ ಆರಾಮ ಇಲ್ಲೇನ್ರಿ?”

ನಾನು ಸೈಕಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನಡೆದೆ. ಉಸಿರು ಇರಲಿಲ್ಲ.

ಮನೆ ಮುಟ್ಟಿದಾಗ ನನ್ನ ವಾಹನೋತ್ತಮದ ರೂಪ ನೋಡಲಾಗುತ್ತಿರಲಿಲ್ಲ. ಕೆಸರಿನಲ್ಲಿ ಹೊರಳಿದ ಎಮ್ಮೆಯಾದರೂ ಕೋಡಿನಿಂದ ಗುರುತು ಸಿಗುತ್ತದೆ, ಇದಕ್ಕೆ ಗಂಟೆ ಎಲ್ಲಿ, ದೀಪ ಎಲ್ಲಿ ಎಂದು ತಡವಿ ನೋಡಬೇಕು. ನಾಳೆ ಸಂಜೆ ಬಸರಿ ಮಗಳು ಬರುತ್ತಾಳೆ. ಅವಳ ಟ್ರಂಕನ್ನು ಇದರ ಕ್ಯಾರಿಯರಿನ ಮೇಲೆ ಇಟ್ಟುಕೊಂಡು ಊರ ನಡುವೆ ಬರಬೇಕು. ಈ ಅವತಾರದಲ್ಲಿಯೇ? ಆಗಲೇ ಅಂಗಿ ಕಳಚಿ, ಧೋತರ ಮೇಲೆ ಕಟ್ಟಿ, ಅಂಗಳದಲ್ಲಿ ಮಹಾಭಿಷೇಕಕ್ಕೆ ನಿಂತೆ.

ಆರು ಕೊಡ ನೀರು ಹೋಯಿತು. ಮಣ್ಣು ಕರಗಿ ಅಂಟಿನ ಹಾಗೆ ಆಯಿತೇ ಹೊರತು ಬಿಡಲಿಲ್ಲ. ಒರೆಸಿಯೇ ತೆಗೆಯಬೇಕು. ಬನಿಯನ್ನಿಗಾಗಿ ಕ್ಯಾರಿಯರಿಗೆ ಕೈ ಹಾಕಿದರೆ ಬನಿಯನ್ ಇಲ್ಲ. ಹೊತ್ತು ತರುವಾಗ ಕೆಸರಿನಲ್ಲಿ ಎಲ್ಲೋ ಬಿದ್ದುಹೋಗಿತ್ತು. ಮೊಳೆಯ ಮೇಲೆ ಫ್ಲಾನೆಲ್ ಇತ್ತು. ಒಮ್ಮೆ ಅದರ ಕಡೆ ನೋಡಿದೆ. ಛೇ, ಛೇ! ಸೊಲ್ಲಾಪುರದ ಫ್ಲಾನೆಲ್ಲಿನಿಂದ ಕೆಸರು ಒರೆಸುವುದೇ? ಮನುಷ್ಯನಿಗೆ ಸ್ವಲ್ಪವಾದರೂ ವಿವೇಕ ಬೇಡವೇ? (ಈ ಪ್ರಶ್ನೆಯನ್ನು ನಾನೇ ನನಗೆ ಹಾಕಿಕೊಂಡೆ ಎಂಬುದನ್ನು ದಯವಿಟ್ಟು ನೆನಪಿಡಿ.)

ಮನೆಯೆಲ್ಲ ಹುಡುಕಿದೆ. ಆಗ ಮಾಡದಲ್ಲಿ ಗಂಟು ಕಂಡಿತು. ಮೋಡದ ಕತ್ತಲೆ, ಒಳಗೆ ಸರಿಯಾಗಿ ಬೆಳಕಿಲ್ಲ. ಬಿಚ್ಚಿದರೆ ನನ್ನ ಹಳೆಯ ಅಂಗಿಯ ಬೆನ್ನು, ಇಂದೂನ ಸಣ್ಣಂದಿನ ಪರಕಾರದ ತುಂಡು, ಒಂದು ತಲೆದಿಂಬಿನ ಗಲೀಫು. ಚಿಂದಿ ಗಂಟು! ಎಲ್ಲಕ್ಕಿಂತ ಮೇಲೆ ಒಂದು ಮೆತ್ತನೆಯ ಅರಿಬಿ ಇತ್ತು, ತೊಳೆದು ತೊಳೆದು ಬೆಣ್ಣೆಯಾದದ್ದು. ಕೈಗೆ ಹತ್ತಿದ ಕೂಡಲೇ ಒರೆಸಲು ಇದಕ್ಕಿಂತ ಶ್ರೇಷ್ಠವಾದದ್ದು ಮೂರು ಲೋಕದಲ್ಲಿ ಇಲ್ಲವೆಂದು ಅನಿಸಿತು. ಕೆಂಪಗೆ ಇತ್ತು. ಕೆಂಪು ಎಂಬುದು ಕಾಣಿಸಿತು, ಸೆರಗು ಎಂಬುದು ಕಾಣಿಸಲಿಲ್ಲ. ಅತ್ತೆಯವರ ಮನೆಗೆ ಹೋದಾಗಲೆಲ್ಲ ಆ ಸೆರಗು ನನಗೆ ಊಟಕ್ಕೆ ಬಡಿಸುವಾಗ ಕಣ್ಣ ಮುಂದೆ ಓಡಾಡಿತ್ತು, ನಾನು ತಾಟು ನೋಡುತ್ತಿದ್ದೆ.

ಹಲ್ಲಿನಿಂದ ಅಂಚು ಕಡಿದು ಎಳೆದೆ. ಚರ್ರನೆ ಹರಿಯಿತು. ಆ ಸಪ್ಪಳ ಈಗಲೂ ಆಗಾಗ ಕೇಳಿಸುತ್ತದೆ, ಅಂಗಡಿಯಲ್ಲಿ ಯಾರಾದರೂ ಬಟ್ಟೆ ಹರಿಸಿಕೊಂಡರೆ ನಾನು ಹೊರಗೆ ಬಂದು ನಿಲ್ಲುತ್ತೇನೆ.

ಒಂದು ಪಟ್ಟಿ ರಿಮ್ಮಿಗೆ, ಒಂದು ಕಡ್ಡಿಗಳಿಗೆ, ಒಂದು ಚೈನಿಗೆ. ಚೈನಿನ ಕಪ್ಪು ಎಣ್ಣೆ ಎಷ್ಟು ಚೆನ್ನಾಗಿ ಹೀರಿಕೊಂಡಿತು ಅಂತೀರಿ! ಎರಡು ಕೈಯಲ್ಲಿ ಪಟ್ಟಿಯ ಎರಡು ತುದಿ ಹಿಡಿದು ಗಾಲಿಯ ನಡುವಿನ ಹಬ್ಬಿನ ಮೇಲೆ ಆಚೆ ಈಚೆ ಎಳೆಯುವ ಒಂದು ವಿದ್ಯೆ ಇದೆ, ಅದನ್ನೂ ಮಾಡಿದೆ. ಹಾಡು ಬೇರೆ ಹೇಳಿಕೊಂಡೆ. ಎಲ್ಲ ಮುಗಿದ ಮೇಲೆ ಕೈಯಲ್ಲಿ ಗೇಣುದ್ದದ ಎರಡು ತುಂಡು ಉಳಿದವು, ಕೆಂಪು ಬಿಳಿ ತೆನೆ ತೆನೆಯ ಚಂದದ ತುಂಡು. ನಮ್ಮ ಕಡೆ ಷೋಕಿ ಇದ್ದವರು ಹಬ್ಬಿಗೆ ಬಣ್ಣದ ಅರಿಬಿಯನ್ನು ಬಳೆಯ ಹಾಗೆ ಸಡಿಲಾಗಿ ಕಟ್ಟುತ್ತಾರೆ, ಗಾಲಿ ತಿರುಗಿದಂತೆ ಅದೂ ತಿರುಗಿ ಹಬ್ಬನ್ನು ತಾನೇ ಒರೆಸುತ್ತ ಹೋಗುತ್ತದೆ. ಮುಂದೊಂದು ಹಿಂದೊಂದು ಕಟ್ಟಿದೆ. ಕೊನೆಗೆ ಮೊಳೆಯಿಂದ ಫ್ಲಾನೆಲ್ ತೆಗೆದು, ಗಂಟೆಯ ಮೇಲೆ ಎರಡೇ ಎರಡು ಸಲ ಹಗುರಾಗಿ ಆಡಿಸಿ, ಮಡಿಚಿ, ಗುಳಿಗೆ ಇಟ್ಟು, ಮತ್ತೆ ತೂಗುಹಾಕಿದೆ.

ಆದಿತ್ಯವಾರ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸೈಕಲ್ ನಿಲ್ಲಿಸಿಕೊಂಡು ನಿಂತೆ. ಬಂದವರೆಲ್ಲ ನೋಡಿ ಹೋದರು. ಬಸ್ಸು ಬಂತು. ಮೊದಲು ಇಂದೂ ಇಳಿದಳು, ಹೊಟ್ಟೆಗೆ ಕೈ ಕೊಟ್ಟುಕೊಂಡು. ಹಿಂದೆ ಟ್ರಂಕು. ಅದರ ಹಿಂದೆ ಕಸ್ತೂರೆವ್ವ. ಇಳಿದವಳು ಸೈಕಲ್ ನೋಡಿ ನಿಂತೇಬಿಟ್ಟಳು.

“ಅಯ್ಯ, ನಿನ್ನೆ ಅಷ್ಟ ಮಳಿ ಆಗೇತಂತ, ಇಷ್ಟ ಛಂದ ಹೆಂಗ ಇಟ್ಟೀರ್ರಿ?”

ಇಪ್ಪತ್ತೆರಡು ವರ್ಷದಲ್ಲಿ ಸೈಕಲ್ಲಿನ ವಿಷಯದಲ್ಲಿ ಅವಳ ಬಾಯಿಂದ ಬಂದ ಮೊದಲನೆಯ ಮೆಚ್ಚುಗೆ ಅದು. ಕೊನೆಯದೂ ಅದೇ. ನಾನು ಟ್ರಂಕನ್ನು ಕ್ಯಾರಿಯರಿಗೆ ಬಿಗಿದು, ಬೇಕೆಂತಲೇ ಗಾಲಿ ಜೋರಾಗಿ ತಿರುಗುವಂತೆ ದಬ್ಬಿಕೊಂಡು ಮುಂದೆ ಹೊರಟೆ. ಹತ್ತು ಹೆಜ್ಜೆ ಹೋಗಿರಲಿಲ್ಲ.

“ಅವ್ವಾ,” ಎಂದಳು ಇಂದೂ. “ಅಪ್ಪನ ಗಾಲ್ಯಾಗ ಕಟ್ಟಿದ್ದ ನೋಡ. ನಮ್ಮ ಲಕ್ಕವ್ವ ಆಯಿ ಸೀರಿ ಸೆರಗಿನಂಗ ಐತೆಲ್ಲ!”

ನಾನು ನಿಂತೆ. ಗಾಲಿ ನಿಂತಿತು. ಹಬ್ಬಿನ ಮೇಲೆ ಕೆಂಪು ಬಿಳಿ ತೆನೆ ನಿಂತವು.

ಓದುಗರೇ, ಬೈಗುಳಕ್ಕೆ ನಾನು ಹೆದರುವವನಲ್ಲ. ಬೈಗುಳದಲ್ಲಿ ಪಳಗಿದವನು. ಹೆಗಲು ಬಗ್ಗಿಸಿ, ಕಣ್ಣು ನೆಲಕ್ಕೆ ಹಚ್ಚಿ, ಅವಳು ಬಾಯಿ ತೆರೆಯುವುದನ್ನೇ ಕಾದೆ. ಅವಳು ಮುಂದೆ ಬಂದಳು. ನಡುಬೀದಿಯಲ್ಲಿ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಆ ಅರಿಬಿಯ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿದಿತ್ತು. (ನಾನು ಕಟ್ಟಿದರೆ ಬಿಗಿಯಾಗಿಯೇ ಕಟ್ಟುವವನು.) “ಕೊಡು, ನಾ ಬಿಚ್ಚತೇನಿ,” ಎಂದು ಬಗ್ಗಿದೆ. ನನ್ನ ಕೈ ಸರಿಸಿದಳು. ಮುಂದಿನದು ಬಿಚ್ಚಿ, ಹಿಂದಿನದು ಬಿಚ್ಚಿ, ಎರಡನ್ನೂ ಮಡಿಲಲ್ಲಿ ಹಾಕಿಕೊಂಡು ಎದ್ದಳು.

“ಉಳದದ್ದ?” ಎಂದಳು. ಅಷ್ಟೇ.

ಉಳಿದದ್ದು ಬಚ್ಚಲ ಮೂಲೆಯಲ್ಲಿತ್ತು. ಕಪ್ಪು ಕಪ್ಪಾದ ಐದು ಪಟ್ಟಿ.

ಆ ಸಂಜೆ ಅವಳು ಹಿಟ್ಟು ನಾದಲಿಲ್ಲ. ಬಚ್ಚಲಲ್ಲಿ ಕೂತು ತೊಳೆದಳು. ಅಂಟವಾಳ ಕಾಯಿ ಆಯಿತು, ಸೋಡಾ ಆಯಿತು, ಚಿಮಣಿ ಎಣ್ಣೆ ಆಯಿತು. ಮಣ್ಣು ಹೋಯಿತು, ಚೈನಿನ ಎಣ್ಣೆ ಹೋಗಲಿಲ್ಲ. ನಾನು ಹೊಸ್ತಿಲಲ್ಲಿ ನಿಂತು ಹತ್ತು ನಮೂನೆಯ ಸಮಾಧಾನ ಹೇಳಿದೆ. ಒಂದು ಸಮಾಧಾನ ಇನ್ನೊಂದಕ್ಕಿಂತ ಹುಚ್ಚು.

“ಸೈಕಲ್ಲೂ ಅತ್ತಿಯವರ ಕೊಟ್ಟಿದ್ದ, ಸೀರಿನೂ ಅತ್ತಿಯವರದ. ಮನಿಯಾಗಿನ ಅರಿಬಿ ಮನಿಯಾಗಿನ ಗಾಡಿ ಒರಸಿತು ಅಂತ ತಿಳ್ಕೋ.”

ಅವಳು ಪಟ್ಟಿಯನ್ನು ಹಿಂಡಿ ಮತ್ತೆ ನೀರಿಗೆ ಅದ್ದಿದಳು.

“ಇಳಕಲ್ಲಿಗೇ ಹೋಗಿ ಹೊಸಾ ಸೀರಿ ತರ್ತೇನಿ. ಹಿಂತಾದ ಸೆರಗು. ಇದಕ್ಕಿಂತ ಛಲೋದ್ದ.”

ಆಗ ತಲೆ ಎತ್ತಿದಳು. ಕಣ್ಣು ಕೆಂಪಾಗಿದ್ದವು, ಚಿಮಣಿ ಎಣ್ಣೆಗೋ ಏತಕ್ಕೋ.

“ಹೊಸಾ ಸೀರಿ ನಮ್ಮವ್ವ ಉಟ್ಟಿದ್ದಳೇನ್ರಿ?”

ಹದಿನೆಂಟು ವರ್ಷ ಪ್ರಶ್ನೆ ಕೇಳಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಆವೊತ್ತು ನನ್ನನ್ನು ನಿಲ್ಲಿಸಲು ಬೆಂಚು ಇರಲಿಲ್ಲ, ಇದ್ದಿದ್ದರೆ ನಾನೇ ಹತ್ತಿ ನಿಲ್ಲುತ್ತಿದ್ದೆ.

ಸೋಮವಾರ ಸಾಲೆಯಿಂದ ಬರುವಾಗ ಬಸ್ ಸ್ಟ್ಯಾಂಡಿನ ಸೈಕಲ್ ಅಂಗಡಿಯ ಅಮಸಿದ್ದನ ಹತ್ತಿರ ಇಳಿದೆ. ಚೈನಿನ ಎಣ್ಣೆಯಲ್ಲೇ ಹುಟ್ಟಿ ಬೆಳೆದವನು, ಅವನಿಗಲ್ಲದೆ ಮತ್ತಾರಿಗೆ ಗೊತ್ತು?

“ಅರಿಬಿಗೆ ಹತ್ತಿದ ಚೈನಿನ ಎಣ್ಣಿ ಹೆಂಗ ತಗೀಬೇಕೋ, ಅಮಸಿದ್ದ?”

ಅವನು ನಕ್ಕ. “ನಾವು ಅರಿಬೀಲೆ ಎಣ್ಣಿ ತಗೀತೇವ್ರಿ ಮಾಸ್ತರ್ರ. ಅರಿಬ್ಯಾಗಿನ ಎಣ್ಣಿ ಯಾರ ತಗೀತಾರ್ರಿ, ಒಗದ ಬಿಡ್ತೇವಿ. ಯಾಕ, ಏನಾತ್ರಿ?”

ಹೇಳಿದೆ. ಎಲ್ಲವನ್ನೂ ಅಲ್ಲ, ಶನಿವಾರ ಹಸಿ ಕೆಸರು ಒರೆಸಿದೆ ಎಂಬಷ್ಟನ್ನು. ಅವನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನ ಕೆಳಗಿಟ್ಟು ನನ್ನನ್ನೇ ನೋಡಿದ.

“ಹಸೀದಿದ್ದಾಗ ಒರಸಿದ್ರೀ? ಎರಿ ಮಣ್ಣ? ಯಾರರ ಒರಸ್ತಾರೇನ್ರಿ ಅದನ್ನ! ತಂದ ಸುಮ್ಮ ಅಂಗಳದಾಗ ನಿಲ್ಲಸೂದು, ಒಣಗಿದ ಮ್ಯಾಲ ಎರಡ ಏಟ ಬಡಿಯೂದು. ತಾನ ಉದರತೈತಿ. ಹೊಲದಾಗ ನಮ್ಮವ್ವಗೂ ಗೊತ್ತೈತಲ್ರಿ ಇದು.”

ಅಂದರೆ ಆ ಶನಿವಾರ ನಾನು ಏನೂ ಮಾಡದೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದಿದ್ದರೆ ಸಾಕಿತ್ತು. ಅಷ್ಟೇ ಸಾಕಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಭಕ್ತಿ ಒಂದು ಸಲವೂ ಸೈಕಲ್ಲನ್ನು ಒಣಗಲು ಬಿಟ್ಟಿರಲಿಲ್ಲ, ಆದ್ದರಿಂದ ಒಣಗಿದರೆ ಏನಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಅಮಸಿದ್ದನ ಅಂಗಡಿಯಿಂದ ಮನೆಗೆ ಸೈಕಲ್ ಹತ್ತದೆ ನಡೆದುಕೊಂಡೇ ಬಂದೆ.

ಪಡಸಾಲೆಯಲ್ಲಿ ಹುಲಿಗೆವ್ವ ಕೂತಿದ್ದಳು, ಸೂಜಿಯನ್ನು ತಲೆಗೂದಲಲ್ಲಿ ತಿಕ್ಕಿಕೊಂಡು. ಮುಂದೆ ಕೌದಿಯ ತುಂಡುಗಳು ಹರವಿದ್ದವು. ನನ್ನ ಅಂಗಿಯ ಬೆನ್ನು, ಇಂದೂನ ಪರಕಾರ, ಗಲೀಫು, ಎಲ್ಲ ತಮ್ಮ ತಮ್ಮ ಸ್ಥಾನದಲ್ಲಿ. ನಟ್ಟನಡುವೆ ಮೊಳದಗಲ ಖಾಲಿ. ಇಂದೂ ಗೋಡೆಗೆ ಒರಗಿ ಕೂತು ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಕಸ್ತೂರೆವ್ವ ತೊಳೆದ ಪಟ್ಟಿಗಳನ್ನು ತಂದು ಮುಂದಿಟ್ಟಳು.

ಹುಲಿಗೆವ್ವ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. “ಇವು ಆಗೂದಿಲ್ಲ ಬಿಡ್ರಿ ಅಕ್ಕಾರ. ಎಣ್ಣಿ ನಾರತೈತಿ. ಹಸಗೂಸಿನ ಮೈ. ಇದೊಂದ ತುಂಡ ಇದ್ದದ್ದರಾಗ ನೆಟ್ಟಗ ಐತಿ.” ಹಬ್ಬಿಗೆ ಕಟ್ಟಿದ ತುಂಡಿನಲ್ಲಿ ಒಂದು. ಗೇಣುದ್ದ, ನಡುವೆ ಒಂದೇ ಒಂದು ಕರಿಯ ಗೆರೆ. “ಇದನ್ನ ಮೂಲ್ಯಾಗ ಹಚ್ಚತೇನಿ. ನಡಕ ಬ್ಯಾರೇದ ಏನರ ಮೆತ್ತನ್ನದ ಕೊಡ್ರಿ.”

“ಏನ ಐತಿ ಇನ್ನ ಮನ್ಯಾಗ,” ಎಂದಳು ಕಸ್ತೂರೆವ್ವ.

ಹುಲಿಗೆವ್ವ ಪಡಸಾಲೆಯ ಸುತ್ತ ಕಣ್ಣು ಆಡಿಸಿದಳು. ಕಣ್ಣು ಮೊಳೆಯ ಮೇಲೆ ನಿಂತಿತು.

“ಅದ ಏನ್ರಿ, ಹಳದೀದು? ಎಷ್ಟ ಸ್ವಚ್ಛ ಐತಿ!”

“ಅದು ಸೈಕಲ್ ಒರಸೂ ಅರಿಬಿ,” ಎಂದಳು ಕಸ್ತೂರೆವ್ವ, ನನ್ನ ಕಡೆ ನೋಡದೆ.

ಹುಲಿಗೆವ್ವ ಹಳದಿ ಫ್ಲಾನೆಲ್ ನೋಡಿದಳು. ಕೈಯಲ್ಲಿದ್ದ ಕರಿಯ ಪಟ್ಟಿ ನೋಡಿದಳು. ಮತ್ತೆ ಫ್ಲಾನೆಲ್ ನೋಡಿದಳು. ಮುದುಕಿಗೆ ಹಾಸ್ಯ ಮಾಡುವ ಉದ್ದೇಶ ಇರಲಿಲ್ಲ, ಅವಳಿಗೆ ಖರೇನೇ ತಿಳಿಯಲಿಲ್ಲ.

“ಹಂಗಾದ್ರ ಸೈಕಲ್ ಒರಸೂ ಅರಿಬಿ ಇಷ್ಟ ಸ್ವಚ್ಛ ಐತಿ, ಕೂಸಿನ ಕೌದಿ ಅರಿಬಿ ಹಿಂಗ ಆಗೈತಿ. ಇದ ಹೆಂಗ್ರಿ ಮಾಸ್ತರ್ರ?”

ಇಂದೂ ಸೆರಗು ಬಾಯಿಗೆ ಒತ್ತಿಕೊಂಡಳು. ನಗೆಯೋ ಅಳುವೋ, ನೋಡುವ ಧೈರ್ಯ ನನಗಾಗಲಿಲ್ಲ. ಮೊಳೆಯ ಹತ್ತಿರ ಹೋಗಿ ಫ್ಲಾನೆಲ್ ಇಳಿಸಿ, ಎರಡೂ ಕೈಯಿಂದ ಹುಲಿಗೆವ್ವನ ಮುಂದೆ ಇಟ್ಟೆ. ಮಗಳನ್ನು ಕೊಟ್ಟಾಗ ಕೂಡ ಅಷ್ಟು ತಲೆ ಬಗ್ಗಿಸಿರಲಿಲ್ಲ.

“ಗುಳಿಗಿ ತಗದ ಕೊಡ್ರಿ,” ಎಂದಳು ಕಸ್ತೂರೆವ್ವ. “ಕೂಸಿಗೆ ವಾಸನಿ.” ಇಪ್ಪತ್ನಾಲ್ಕು ತಾಸಿನಲ್ಲಿ ನನ್ನ ಸಂಗಡ ಆಡಿದ ಮೊದಲ ಮಾತು.

ಕೌದಿ ನಾಲ್ಕು ದಿನದಲ್ಲಿ ಮುಗಿಯಿತು. ಕೊನೆಯ ಮೂಲೆ ಹೊಲಿದು ಮುಚ್ಚುವ ಮೊದಲು ಒಳಗೆ ಒಂದು ರೊಟ್ಟಿ ಚೂರು ಇಡುತ್ತಾರೆ, ಕೌದಿ ಹಸಿದಿರಬಾರದು ಎಂದು. ಆ ಮೂಲೆಯ ಮೇಲೇ ಅತ್ತೆಯವರ ಸೆರಗಿನ ತುಂಡು ಬಂದಿತ್ತು. ಕಸ್ತೂರೆವ್ವ ರೊಟ್ಟಿ ಚೂರು ಇಟ್ಟು, ತುಂಡಿನ ಮೇಲಿನ ಕರಿಯ ಗೆರೆಯನ್ನು ಒಮ್ಮೆ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಹೋಗಲಿಲ್ಲ. “ಹೊಲಿ, ಹುಲಿಗೆವ್ವ,” ಎಂದಳು. ನಾನು ಅಂಗಳಕ್ಕೆ ಬಂದೆ. ಗಾಳಿ ಹೊಡೆಯಲೆಂದು ಬಂದೆ, ಆದರೆ ಹೊಡೆಯಲಿಲ್ಲ.

ಹಸ್ತಿ ಮಳೆಯಲ್ಲಿ ಇಂದೂ ಹೆತ್ತಳು. ಹೆಣ್ಣು ಕೂಸು. ಕಸ್ತೂರೆವ್ವ ಕೌದಿಯನ್ನು ತಿರುಗಿಸಿ ಹಾಸಿದಳು, ಕೂಸಿನ ತಲೆ ಆ ಮೂಲೆಯ ಗೇಣುದ್ದ ತುಂಡಿನ ಮೇಲೆ ಬರುವ ಹಾಗೆ. ತಾಯಿಗೆ ಕೊಟ್ಟ ಮಾತನ್ನು ಅವಳು ಗೇಣಿನಷ್ಟಾದರೂ ಉಳಿಸಿಕೊಂಡಳು. ತಲೆ ಮೂಲೆಗೆ ಹೋದ ಮೇಲೆ ನಡುವಿನ ಫ್ಲಾನೆಲ್ಲಿನ ಮೇಲೆ ಕೂಸಿನ ಯಾವ ಭಾಗ ಬರುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮೊಮ್ಮಗಳು ಅಜ್ಜನ ಸೊಲ್ಲಾಪುರದ ಫ್ಲಾನೆಲ್ಲನ್ನು ದಿನಕ್ಕೆ ಎಂಟು ಸಲ ಪಾವನ ಮಾಡುತ್ತಿದ್ದಳು.

ತೊಳೆದ ಕೌದಿ ಆ ಮಳೆಯಲ್ಲಿ ಒಣಗಬೇಕಲ್ಲ? ಹೊರಗೆ ಬಿಸಿಲಿಲ್ಲ, ಒಳಗೆ ಹಗ್ಗ ಕಟ್ಟಿದರೆ ಎಲ್ಲರ ತಲೆಗೆ ಬಡಿಯುತ್ತದೆ. ಒಂದು ಮುಂಜಾನೆ ನಾನು ಎದ್ದು ನೋಡಿದರೆ ಸೈಕಲ್ಲು ಪಡಸಾಲೆಯಲ್ಲಿ ಒಲೆಯ ಗೋಡೆಗೆ ಹತ್ತಿರ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಹ್ಯಾಂಡಲ್ಲಿನ ಮೇಲೆ ಕುಂಚಿಗೆ, ಸೀಟಿನ ಮೇಲೆ ಲಂಗೋಟಿ, ನಡುವಿನ ದಂಡದ ಮೇಲೆ ಕೌದಿ.

“ಏ, ನಾ ಸಾಲಿಗೆ ಹೋಗಬೇಕಲ್ಲ!”

“ಹೋಗ್ರಿ. ಯಾರ ಬ್ಯಾಡಂದಾರ?” ಕಸ್ತೂರೆವ್ವ ಲಂಗೋಟಿಯ ಸುಕ್ಕು ಬಿಡಿಸಿದಳು. “ಈ ಕೆಸರಾಗ ಸೈಕಲ್ ಒಯ್ದ್ರ ಹೊಲಸ ಆಗ್ತೈತಿ.”

ಆವತ್ತಿನಿಂದ ನಾಲ್ಕು ಮೈಲು ಹೋಗುವಾಗ ನಾಲ್ಕು ಮೈಲು ಬರುವಾಗ, ಚಪ್ಪಲಿ ಕೈಯಲ್ಲಿ ಹಿಡಿದು, ನಡಿಗೆ. ಬದುವಿನ ಮೇಲಿನ ಒಕ್ಕಲಿಗ “ಸೈಕಲ್ಲ ಹೆಂಗೈತ್ರಿ ಮಾಸ್ತರ್ರ?” ಎಂದು ಕೇಳುತ್ತಾನೆ. “ಬಾಣಂತಿ ಮನ್ಯಾಗ ಐತಿ,” ಎನ್ನುತ್ತೇನೆ.

ಮೊನ್ನೆ ಚಿತ್ತಿ ಮಳೆಯಲ್ಲಿ ಮೊಳಕಾಲತನಕ ಎರೆ ಹತ್ತಿಸಿಕೊಂಡು ಬಂದು ಹೊಸ್ತಿಲ ಮುಂದೆ ನಿಂತೆ. ಒಳಗೆ ಸೈಕಲ್ಲು ಕಂಡಿತು. ಒಂದು ಕೆಸರ ಹನಿ ಇಲ್ಲ, ರಿಮ್ಮು ಥಳಥಳ. ಅದರ ಆಚೆ ತೊಟ್ಟಿಲು ಕಂಡಿತು. ಅರ್ಧ ತಾಸು ಕಾಲು ತೊಳೆದೆ, ಎರೆ ಹೋಗಲಿಲ್ಲ.

“ಒಂದ ಹಳೇ ಅರಿಬಿ ಕೊಡ,” ಎಂದೆ. ಬಾಯಿ ತಪ್ಪಿ ಬಂದುಬಿಟ್ಟಿತು.

ಕಸ್ತೂರೆವ್ವ ಒಳಗಿನಿಂದ ಬಂದಳು. ನನ್ನ ಕಾಲು ನೋಡಿದಳು, ಮುಖ ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಛಲೋ ಇತ್ತು.

“ಹಳೇ ಅರಿಬಿ ಇಲ್ಲರಿ ನಮ್ಮ ಮನ್ಯಾಗ,” ಎಂದಳು. “ಅಲ್ಲೆ ನಿಂದರ್ರಿ. ಒಣಗಿದ ಮ್ಯಾಲ ತಾನ ಉದರತೈತಿ.”

ಒಳಗೆ ಮೊಮ್ಮಗಳು ಎದ್ದು ಅಳತೊಡಗಿದಳು. ಎತ್ತಿಕೊಳ್ಳುವ ಆಸೆ ಆಯಿತು. ಎರಡು ಹೆಜ್ಜೆ ಹಿಂದೆ ಸರಿದು, ಅಂಗಳದಲ್ಲಿ ಸೈಕಲ್ ನಿಲ್ಲಿಸುತ್ತಿದ್ದ ಜಾಗದಲ್ಲಿ, ಬಿಸಿಲು ಬರುವ ದಿಕ್ಕಿಗೆ ಕಾಲು ಮಾಡಿ ಒಣಗುತ್ತ ನಿಂತೆ.